ಚೌಡಿಯ ಕಬ್ಬಿಣ, ಕೋಬೆಯ ಅಕ್ಷರ

ಯಲ್ಲಾಪುರ
೧೪ ಮಾರ್ಚ್ ೧೯೩೨

ತಮ್ಮಾ ನೂರೂ,

ಕೂತು ಓದು. ನಿಂತು ಓದಿದರೆ ಬೀಳುತ್ತೀ.

ನಿನ್ನ ಭಾವ ಇಲ್ಲ. ಅವರು ಬದುಕಿದ್ದಷ್ಟು ದಿನ ನಾನು ಅವರ ಹೆಸರನ್ನು ಬಾಯಿಂದ ಆಡಿದವಳಲ್ಲ. ಈಗ ಏಳು ಊರಿಗೆ ಕೇಳುವ ಹಾಗೆ ಆಡುತ್ತೇನೆ: ಜಹಾಂಗೀರ್. ನನ್ನ ಜಹಾಂಗೀರರನ್ನು ಕಡಿದು ಹಾಕಿದರು. ಹೋದ ಮಂಗಳವಾರ, ಸೂರ್ಯ ನೆತ್ತಿಯ ಮೇಲಿದ್ದಾಗ, ಅರಬೈಲ್ ಘಟ್ಟದ ಎರಡನೆಯ ತಿರುವಿನಲ್ಲಿ, ಅವರೇ ನಡೆಸುವ ಬಸ್ಸಿನ ಮಗ್ಗುಲಲ್ಲಿ. ಏಳು ಏಟು. ಮೊದಲನೆಯದು ಬೆನ್ನಿಗೆ, ಉಳಿದವು ತಿರುಗಿದ ಮೇಲೆ ಎದೆಗೆ, ಹೊಟ್ಟೆಗೆ. ಎಂಟನೆಯದು ಗುರಿ ತಪ್ಪಿ ಬಸ್ಸಿನ ಮಡ್‌ಗಾರ್ಡಿಗೆ ಬಡಿದು ಚೂರಿ ಎರಡು ತುಂಡಾಯಿತು.

ನಮ್ಮ ಅಬ್ಬಾ ನಾಟಕ ಕಂಪನಿಗಳಿಗೆ ಗ್ಯಾಸ್‌ಬತ್ತಿ ಹಚ್ಚಲು ಹೋಗುವಾಗ ನಾವಿಬ್ಬರೂ ಪರದೆಯ ಪಕ್ಕದಲ್ಲಿ ಕೂತು ಎಷ್ಟು ಕೊಲೆ ನೋಡಿಲ್ಲ? ಸತ್ತ ರಾಜಕುಮಾರ ಪರದೆ ಬಿದ್ದ ಕೂಡಲೇ ಎದ್ದು ಬೀಡಿ ಹಚ್ಚುತ್ತಿದ್ದ. ಇವರನ್ನು ಎತ್ತಿನ ಗಾಡಿಯಲ್ಲಿ ತಂದು ಅಂಗಳದಲ್ಲಿ ಮಲಗಿಸಿದಾಗ ನಾನು ಬಹಳ ಹೊತ್ತು ಕಾದೆ, ನೂರೂ.

ಕೊಂದವನು ಬೈರ. ಹೌದು, ಅದೇ ಬೈರ, ನಮ್ಮ ಬಸ್ಸಿನ ಕ್ಲೀನರ್, ನಿನಗೆ ವಿಷಮಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಘಟ್ಟ ಹತ್ತಿದವನು. ಬಸ್ಸು ಪ್ಯಾಸೆಂಜರಿಲ್ಲದೆ ಅಂಕೋಲೆಗೆ ಹೊರಟಿತ್ತು. ರೇಡಿಯೇಟರಿಗೆ ನೀರು ತರಲು ಹಳ್ಳಕ್ಕೆ ಇಳಿದಿದ್ದೆ, ಬರುವಷ್ಟರಲ್ಲಿ ಹೀಗಾಗಿತ್ತು ಎನ್ನುತ್ತಾನೆ. ಗಾಡಿಯವರು ನೋಡುವಾಗ ಇವರ ತಲೆ ಅವನ ತೊಡೆಯ ಮೇಲಿತ್ತು, ಚೂರಿಯ ಹಿಡಿ ಅವನ ಕೈಯಲ್ಲಿತ್ತು. ಹಿಂದಿನ ವಾರ ಟೈರು ಒಡೆದದ್ದಕ್ಕೆ ಇವರು ಅವನ ಕಪಾಳಕ್ಕೆ ಕೊಟ್ಟಿದ್ದರು. ಇನ್ನೇನು ಬೇಕು?

ಪೊಲೀಸ್ ಕಚೇರಿಗೆ ನಾನೇ ಹೋದೆ. ಬುರ್ಖಾದೊಳಗೆ ಬಸ್ಸಿನ ಕಬ್ಬಿಣದ ಸ್ಟಾರ್ಟಿಂಗ್ ಹ್ಯಾಂಡಲ್ ಇತ್ತು. ಬೈರನ ಬಲ ಮಂಡಿಗೆ ಹೊಡೆದೆ. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು. ಫೌಜದಾರ ಕಿಟಕಿಯ ಕಡೆ ಮುಖ ಮಾಡಿ ಮೀಸೆ ತೀಡುತ್ತಿದ್ದ.

ಮಣ್ಣು ಮಾಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವರು ದಾವೂದ್ ಭಾಯಿ. ನಮ್ಮನ್ನು ತಂದೆಯ ಹಾಗೆ ಸಾಕಿದ ಅಣ್ಣ, ಗೋರಿಯ ಅಂಚಿನಲ್ಲಿ ಮಗುವಿನ ಹಾಗೆ ಬಿದ್ದು ಹೊರಳಿದರು. ಅದಕ್ಕೆ ಎಂಟು ದಿನ ಮುಂಚೆ ಸಿರ್ಸಿ ಮೋಟಾರ್ ಸ್ಟ್ಯಾಂಡಿನಲ್ಲಿ ಇವರಿಗೂ ಭಾಯಿಗೂ ಮಾತು ಬೆಳೆದು ಕೈ ಎತ್ತುವವರೆಗೆ ಹೋಗಿತ್ತು. ಅದು ಮನೆಯೊಳಗಿನ ಮಾತು, ಬಿಡು.

ಈಗ ಕೆಲಸದ ಮಾತು. ಚೂರಿಯ ಹಿಡಿ, ಅದಕ್ಕೆ ಅಂಟಿದ ಮೂರು ಬೆರಳಷ್ಟು ಅಲಗು ಮಾತ್ರ ಸಿಕ್ಕಿದೆ. ಉಳಿದದ್ದು ಕಣಿವೆಯಲ್ಲಿ ಎಲ್ಲೋ ಬಿದ್ದಿದೆ. ಅಲಗಿನ ಮೇಲೆ ಒಂದು ಅಕ್ಷರ ಕೆತ್ತಿದೆ. ಕಾಗದ ಒತ್ತಿ, ಇದ್ದಿಲು ತಿಕ್ಕಿ ತೆಗೆದದ್ದನ್ನು ಇದರೊಳಗೆ ಇಟ್ಟಿದ್ದೇನೆ. ಫೌಜದಾರ ಕಾರ್ಖಾನೆಯ ಗುರುತು ಎನ್ನುತ್ತಾನೆ. ಆದರೆ ನೀನು ಎರಡು ವರ್ಷದ ಹಿಂದೆ ಭಾಯಿಯ ವಿಳಾಸಕ್ಕೆ ಚೂರಿ ಪಾರ್ಸೆಲ್ ಮಾಡಿದ್ದೆಯಲ್ಲ, ಅದರಿಂದ ನನಗೊಂದು ಬಂದಿತ್ತು, ಬೈರನಿಗೊಂದು ಹೋಗಿತ್ತು. ನನ್ನ ಅಡುಗೆಮನೆಯ ಚೂರಿಯ ಮೇಲೂ ಇದೇ ಅಕ್ಷರ ಇದೆ, ಅದರ ಮೇಲುಗಡೆ ಇನ್ನೊಂದಿದೆ. ಬೈರನ ಚೂರಿ ಎಲ್ಲಿ ಎಂದರೆ ಅವನು ನೆಲ ನೋಡುತ್ತಾನೆ, ಬಾಯಿ ಬಿಡುವುದಿಲ್ಲ.

ಇದು ಯಾವ ಅಕ್ಷರ? ಎಷ್ಟು ಚೂರಿ ಕಳಿಸಿದ್ದೆ? ಯಾರಿಗೆ ಏನು ಬರೆಸಿದ್ದೆ? ಮೂರು ಪ್ರಶ್ನೆ, ಮೂರು ಉತ್ತರ.

ನಿನ್ನ ಆಪಾ,
ಬದ್ರುನ್ನಿಸಾ


ಕೋಬೆ, ಜಪಾನು
೨೫ ಏಪ್ರಿಲ್ ೧೯೩೨

ಪ್ರೀತಿಯ ಆಪಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸೇಠರ ಕೋಠಿಯಲ್ಲಿ ಬಟ್ಟೆಯ ಗಂಟು ಎಣಿಸುವಾಗ ಮೂರು ಸಲ ತಪ್ಪಿದೆ. ಭಾವ ಘಟ್ಟದ ತಿರುವಿನಲ್ಲಿ ಹಾರ್ನ್ ಒತ್ತುತ್ತಾ ಹಾಡುತ್ತಿದ್ದದ್ದು ಕಿವಿಯಲ್ಲೇ ಇದೆ. ಏನು ಬರೆಯಲಿ?

ಅಕ್ಷರ ಕೇಳಿದ್ದೀ. ಅದನ್ನು ಹೇಳುತ್ತೇನೆ.

ಇದು 切. ಕತ್ತರಿಸು, ಕಡಿ ಎಂದು ಅರ್ಥ. ನಾಲ್ಕು ಗೆರೆ. ಎಡಗಡೆ ಇರುವುದು ಏಳು ಎಂಬ ಅಂಕಿ, ಬಲಗಡೆ ಇರುವುದು ಕತ್ತಿ. ಮೊದಲು ಅಡ್ಡಗೆರೆ, ಎಡದಿಂದ ಬಲಕ್ಕೆ, ಸ್ವಲ್ಪ ಮೇಲಕ್ಕೆ ಏರಲಿ. ಆಮೇಲೆ ಅದನ್ನು ಸೀಳಿಕೊಂಡು ಇಳಿದು ಕೆಳಗೆ ಬಲಕ್ಕೆ ಬಾಗುವ ಗೆರೆ. ಕತ್ತಿಯ ಬೆನ್ನು ಮೂರನೆಯದು, ಅಲಗು ನಾಲ್ಕನೆಯದು. ಕುಂಚ ಎತ್ತುವ ಮುಂಚೆ ಉಸಿರು ಬಿಡಬಾರದು. ನನಗೆ ಇದನ್ನು ಕಲಿಸಿದವಳು ನಾನಿರುವ ಮನೆಯ ಮುದುಕಿ, ಹಿಂದೆ ಶಾಲೆಯ ಮಾಸ್ತರಣಿಯಾಗಿದ್ದವಳು. ಗೆರೆಯ ಕ್ರಮ ತಪ್ಪಿದರೆ ಬಿದಿರಿನ ಕಡ್ಡಿಯಿಂದ ಗೆಣ್ಣಿಗೆ ಹೊಡೆಯುತ್ತಿದ್ದಳು.

ಈ ಒಂದು ಅಕ್ಷರ ಕಲಿತರೆ ಹತ್ತು ಮಾತು ಸಿಗುತ್ತವೆ. ಇದರ ಮುಂದೆ ಕೈ ಎಂಬ ಅಕ್ಷರ ಇಟ್ಟರೆ ಕಿತ್ತೆ, ಈ ಲಕೋಟೆಯ ಮೇಲೆ ಅಂಟಿಸಿದ್ದೇನಲ್ಲ, ಆ ಟಪಾಲು ಚೀಟಿ. ಚೀಟಿ ಎಂಬುದನ್ನು ಇಟ್ಟರೆ ಕಿಪ್ಪು, ಬಸ್ಸಿನ ಟಿಕೆಟು. ಇದರ ಮೇಲೆ ದೊಡ್ಡದು ಎಂಬ ಮೂರು ಗೆರೆಯ ಅಕ್ಷರ ಕೂರಿಸಿದರೆ ತಾಯ್‌ಸೆತ್ಸು, ಬಹಳ ಬೇಕಾದದ್ದು, ಜೋಪಾನದ್ದು. ನಿನ್ನ ಅಡುಗೆಮನೆಯ ಚೂರಿಯ ಮೇಲೆ ಕೆತ್ತಿಸಿದ್ದು ಅದೇ. ಇಲ್ಲಿ ಚೂರಿ ಕೊಂಡರೆ ಅಂಗಡಿಯವನೇ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೊಂಡವರ ಹೆಸರು ಕೆತ್ತಿ ಕೊಡುವುದು ಪದ್ಧತಿ. ನಾನು ಹೆಸರು ಬೇಡ, ಮಾತು ಕೆತ್ತು ಎಂದೆ. ಅಂಗಡಿಯ ಮುದುಕ ನಕ್ಕ.

ಇಲ್ಲಿನ ಉಕ್ಕು ಗಡಸು ಆಪಾ. ಬಾಗುವುದಿಲ್ಲ, ಮುರಿಯುತ್ತದೆ.

ದಾವೂದ್ ಭಾಯಿ ಹೇಗಿದ್ದಾರೆ? ಅಕ್ಷರದ ಪಡಿಯಚ್ಚನ್ನು ಅವರಿಗೂ ತೋರಿಸಿದ್ದೀಯಾ? ಅವರು ಏನಂದರು?

ನಿನ್ನ ತಮ್ಮ,
ನೂರ್ ಅಹ್ಮದ್


ಯಲ್ಲಾಪುರ
೬ ಜೂನ್ ೧೯೩೨

ನೂರೂ,

ನಾನು ಮೂರು ಕೇಳಿದೆ, ನೀನು ಒಂದು ಹೇಳಿ ಟಪಾಲು ಚೀಟಿಯ ಕಥೆ ಶುರು ಮಾಡಿದೆ. ನಾಟಕದಲ್ಲಿ ಮಾತು ಮರೆತ ನಟ ಹಾಡಿಗೆ ಇಳಿಯುತ್ತಾನಲ್ಲ, ಹಾಗೆ.

ಆದರೂ ಕಲಿತೆ. ಒಲೆಯ ಮುಂದೆ ಬೂದಿ ಹರಡಿ ಬೆರಳಿನಿಂದ ಬರೆದೆ. ಏಳು, ಪಕ್ಕದಲ್ಲಿ ಕತ್ತಿ. ಇವರ ಮೈಮೇಲಿನ ಗಾಯವೂ ಏಳು. ಬರೆದಾಗಲೆಲ್ಲ ಎಣಿಸುತ್ತೇನೆ. ಈಗ ಕಣ್ಣು ಮುಚ್ಚಿಯೂ ಬರುತ್ತದೆ.

ಭಾಯಿಗೆ ತೋರಿಸಿದೆ. ನೋಡಿದರು, ಮಡಚಿದರು, ವಾಪಸ್ ಕೊಟ್ಟರು. "ಬೈರನ ಚೂರಿ ಮೇಲೆ ಏನಿತ್ತು ಅಂತ ನೂರ್‌ಗೇ ಕೇಳು. ಅವನು ಕಾಗದದ ಮೇಲೆ ಬರೆದುಕೊಟ್ಟರೆ ಕಾರವಾರದ ಕೋರ್ಟಿನಲ್ಲಿ ನಡೀತದೆ" ಎಂದರು. ಪಾಪ, ಇಡೀ ಖಟ್ಲೆ ಅವರ ಹೆಗಲ ಮೇಲೇ ಬಿದ್ದಿದೆ. ಸಿರ್ಸಿಯಿಂದ ಅಂಕೋಲೆಯವರೆಗೆ ಸರ್ಕಾರಿ ಟಪಾಲು ಸಾಗಿಸುವ ಗುತ್ತಿಗೆ ಬೇರೆ. ಇವರು ಹೋದ ದಿನವೇ ಬಸ್ಸಿನ ಫ್ಯಾನಿನ ಪಟ್ಟಿ ಸರಿ ಮಾಡಲು ಹೋಗಿ ಕೈ ಕುಯ್ದುಕೊಂಡಿದ್ದರಂತೆ, ಹೆಬ್ಬೆರಳು ಇನ್ನೂ ಮಡಚಲು ಬರುವುದಿಲ್ಲ.

ಬೈರನನ್ನು ಲಾಕಪ್ಪಿನಲ್ಲಿ ತಲೆಕೆಳಗಾಗಿ ಕಟ್ಟಿದರು. ಅಂಗಾಲು ಒಡೆದು ಎರಡು ಪಾಲಾಗಿದೆ. ಮುಂದಿನ ಎರಡು ಹಲ್ಲು ಹೋಗಿವೆ. "ನಾ ಕೊಲ್ಲಲಿಲ್ಲ" ಅನ್ನುತ್ತಾನೆ. "ಮತ್ತೆ ನಿನ್ನ ಚೂರಿ ಎಲ್ಲಿ?" ಎಂದರೆ, "ಅದನ್ನ ಕೇಳಬೇಡಿ, ಹೇಳೂ ಹಾಂಗಿಲ್ಲ." ಇದೇ ಮಾತು, ನೂರು ಏಟಿಗೂ ಇದೇ ಮಾತು. ನೋಡಿ ಬಂದ ಪೇದೆ ಹೇಳಿದಾಗ ನಾನು ಅನ್ನ ಬಡಿಸುತ್ತಿದ್ದೆ. ಬಡಿಸಿ ಮುಗಿಸಿದೆ.

ಅಕ್ಷರ ಕಲಿಸುವ ಗುರುವೇ, ಈಗ ಲೆಕ್ಕ ಹೇಳು. ಎಷ್ಟು ಚೂರಿ? ಬೈರನದರ ಮೇಲೆ ಏನು?

ಬದ್ರುನ್ನಿಸಾ


ಕೋಬೆ
೨೦ ಜುಲೈ ೧೯೩೨

ಆಪಾ,

ಎರಡು. ಎರಡೇ ಚೂರಿ ಕಳಿಸಿದ್ದು. ನಿನಗೊಂದು, ಬೈರನಿಗೊಂದು.

ಬೈರನದರ ಮೇಲೆ 親切 ಎಂದು ಕೆತ್ತಿಸಿದ್ದೆ. ಶಿನ್‌ಸೆತ್ಸು. ಅಕ್ಕರೆ, ದಯೆ, ಕೇಳದೆ ಮಾಡಿದ ಉಪಕಾರ. ಅವನು ನನ್ನನ್ನು ಹೊತ್ತುಕೊಂಡು ಬಂದದ್ದಕ್ಕೆ. ಮುರಿದ ಅಲಗಿನಲ್ಲಿ ಉಳಿದಿರುವುದು ಕೆಳಗಿನ ಅಕ್ಷರ, ಕಣಿವೆಗೆ ಬಿದ್ದದ್ದು ಮೇಲಿನ ಅಕ್ಷರ. ಕೋರ್ಟಿಗೆ ಬೇಕಾದರೆ ಈ ಕಾಗದವನ್ನೇ ಕೊಡು.

ಮೇಲಿನದನ್ನು ಬರೆಯಲು ಕಲಿಸುತ್ತೇನೆ. ಹದಿನಾರು ಗೆರೆ. ಹೆದರಬೇಡ, ಮೂರು ತುಂಡು ಮಾಡಿಕೋ. ಎಡಗಡೆ ಮೇಲೆ ನಿಂತಿರುವವನು, ಐದು ಗೆರೆ. ಅವನ ಕಾಲ ಕೆಳಗೆ ಮರ, ನಾಲ್ಕು ಗೆರೆ. ಬಲಗಡೆ ನೋಡುವುದು, ಏಳು ಗೆರೆ. ಅದರಲ್ಲಿ ಐದು ಕಣ್ಣು, ಎರಡು ಕಾಲು. ಮರದ ಮೇಲೆ ನಿಂತು ನೋಡುತ್ತಿರುವವನು. ಅಂದರೆ ತಾಯಿ ಅಥವಾ ತಂದೆ. ದೂರ ಹೋದ ಮಗ ಬರುತ್ತಾನೋ ಎಂದು ಮರ ಹತ್ತಿ ದಾರಿ ನೋಡುವವರು ಎಂದು ಮಾಸ್ತರಣಿ ಮಕ್ಕಳಿಗೆ ಹೇಳಿಕೊಡುತ್ತಿದ್ದಳಂತೆ. ನಾನು ಹಡಗು ಹತ್ತಿದ ದಿನ ಮುಂಬೈ ಬಂದರಿನಲ್ಲಿ ದಾವೂದ್ ಭಾಯಿ ಸಕ್ಕರೆ ಮೂಟೆಗಳ ಮೇಲೆ ಹತ್ತಿ ನಿಂತಿದ್ದರು, ಹಡಗು ಮರೆಯಾಗುವವರೆಗೆ. ಅದು ನೆನಪಾಯಿತು. ಅಷ್ಟೇ.

ಕೆಳಗೆ ಚೌಕ ಹಾಕಿ ಒಂದೊಂದೇ ಗೆರೆ ತೋರಿಸಿದ್ದೇನೆ. ಮೊದಲು ಮಣ್ಣಿನಲ್ಲಿ ಬರೆ, ಆಮೇಲೆ ಸ್ಲೇಟಿನಲ್ಲಿ. ನಿಲ್ಲುವುದು, ಮರ, ನೋಡುವುದು. ಈ ಕ್ರಮ ಬಿಡಬೇಡ.

ಇನ್ನು ಈ ವಿಷಯ ನನ್ನನ್ನು ಕೇಳಬೇಡ.

ನೂರ್


ಯಲ್ಲಾಪುರ
೩ ಅಕ್ಟೋಬರ್ ೧೯೩೨

ನೂರೂ, ನನ್ನ ಸಿಂಹವೇ,

ಗೆದ್ದೆವು. ಹೋದ ಬುಧವಾರ ಕಾರವಾರದ ಸೆಷನ್ಸ್ ಕೋರ್ಟಿನಲ್ಲಿ ಬೈರನಿಗೆ ಗಲ್ಲು ಹೇಳಿದರು.

ಆ ಸಭೆಯನ್ನು ನೀನು ನೋಡಬೇಕಿತ್ತು. ಮೇಲೆ ಪಂಖಾ ಎಳೆಯುವವನು ಸಹ ಹಗ್ಗ ಬಿಟ್ಟು ನಿಂತ. ಆರೋಪಿಯ ವಕೀಲ ಎದ್ದು, "ಈ ಹೆಂಗಸಿಗೆ ಜಪಾನಿ ಬರುತ್ತದೋ? ಯಾರೋ ಬರೆದುಕೊಟ್ಟದ್ದನ್ನು ತಂದಿದ್ದಾಳೆ" ಎಂದ. "ಸೀಮೆಸುಣ್ಣ ಕೊಡಿ" ಎಂದೆ. ಹಲಗೆ ತಂದರು. ಬುರ್ಖಾದ ತೋಳು ಮೇಲೆ ಮಾಡಿ ಬರೆದೆ. ನಿಂತವನು, ಮರ, ಕಣ್ಣು, ಕಾಲು, ಹದಿನಾರು ಗೆರೆ. ಕೆಳಗೆ ಏಳು, ಕತ್ತಿ. ಒಂದು ಗೆರೆಯೂ ಅಲುಗಲಿಲ್ಲ. "ಇದು ಬೈರನ ಚೂರಿಯ ಮಾತು. ಅರ್ಥ ದಯೆ. ನನ್ನ ತಮ್ಮ ದಯೆ ಎಂದು ಕೊಟ್ಟ, ಇವನು ಅದರಿಂದಲೇ ನನ್ನ ಗಂಡನ ಕರುಳು ತೆಗೆದ" ಎಂದೆ. ಜನ ಹೋ ಎಂದರು. ಜಡ್ಜ್ ಸಾಹೇಬರು ಮೇಜು ಕುಟ್ಟಿದರು. ನಿನ್ನ ಕಾಗದವನ್ನು ದಫ್ತರಿಗೆ ಸೇರಿಸಿಕೊಂಡರು, ಎರಡೇ ಚೂರಿ ಎಂಬ ಸಾಲಿನ ಕೆಳಗೆ ಕೆಂಪು ಶಾಯಿ ಎಳೆದರು.

ಹೊರಗೆ ಬೈರನ ತಾಯಿ ಸುಬ್ಬಿ ಮೆಟ್ಟಿಲ ಮೇಲೆ ಉದ್ದಕ್ಕೆ ಮಲಗಿದ್ದಳು. "ತುಳಿದ್ಕಂಡು ಹೋಗಿ ಬೂಬಮ್ಮಾ" ಎಂದಳು. ದಾಟಿಕೊಂಡು ಬಂದೆ.

ಒಂದು ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿದೆ. ನಾನು ಬರೆಯುವಾಗ ಬೈರ ನನ್ನನ್ನು ನೋಡಲಿಲ್ಲ, ಹಲಗೆಯನ್ನೇ ನೋಡುತ್ತಿದ್ದ. ಬರೆದು ಮುಗಿಸಿದಾಗ ಹಲ್ಲಿಲ್ಲದ ಬಾಯಿಯಲ್ಲಿ, "ಹೌದು, ಹಾಂಗೇ ಇತ್ತು. ಚೆಂದ ಬರೆದ್ರಿ" ಎಂದ. ಗಲ್ಲಿಗೆ ಹೋಗುವವನು ಹಾಗೆ ಅನ್ನುತ್ತಾನೆಯೇ?

ದಾವೂದ್ ಭಾಯಿ ಊಟ ಬಿಟ್ಟಿದ್ದಾರೆ. ಸಂಕಟವಿರಬೇಕು.

ಬದ್ರುನ್ನಿಸಾ


ಕೋಬೆ
೧೫ ನವೆಂಬರ್ ೧೯೩೨

ಆಪಾ,

ಗಲ್ಲು ಎಂದು ಬರೆದಿದ್ದೀ. ಜನ್ಮಠೇಪು, ಜೀವಾವಧಿ ಜೈಲು, ಆಗುತ್ತದೆ ಎಂದುಕೊಂಡಿದ್ದೆ. ಮುಂಬೈ ಹೈಕೋರ್ಟು ಕಡಿಮೆ ಮಾಡಬಹುದಲ್ಲವೇ? ಸತ್ತವರ ಹೆಂಡತಿಯೇ ದಯೆಯ ಅರ್ಜಿ ಹಾಕಿದರೆ ಕೇಳುತ್ತಾರಂತೆ. ಹಾಕು ಆಪಾ. ಏಕೆ ಎಂದು ಕೇಳಬೇಡ.

ಇಲ್ಲಿ ಚಳಿ ಶುರುವಾಗಿದೆ. ಕುಂಚ ಹಿಡಿಯುವುದನ್ನು ಬಿಟ್ಟಿದ್ದೇನೆ.

ನೂರ್


ಯಲ್ಲಾಪುರ
೧೦ ಜನವರಿ ೧೯೩೩

ನೂರ್ ಅಹ್ಮದ್,

ಅಕ್ಷರ ವಕ್ರವಾಗಿದ್ದರೆ ಕಷ್ಟಪಟ್ಟು ಓದು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ದಾವೂದ್ ಭಾಯಿಯ ಬಸ್ಸಿನ ಟಪಾಲು ಚೀಲದಲ್ಲಿ ಬರುವುದಿಲ್ಲ. ಸುಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಘಟ್ಟ ಇಳಿದು ಅಂಕೋಲೆಯವರೆಗೆ ನಡೆಯುತ್ತಾಳೆ.

ಹನ್ನೊಂದು ದಿನದ ಹಿಂದೆ ನಿನಗೆ ತಂತಿ ಕೊಟ್ಟೆ. ಚೂರಿ ಎಷ್ಟು, ನಿಜ ಹೇಳು ಎಂದು. ತಂತಿ ಒಂದು ದಿನಕ್ಕೆ ಮುಟ್ಟುತ್ತದೆ. ನೀನು ಬಾಯಿ ಬಿಡಲಿಲ್ಲ.

ಕೇಳು. ಹೈಕೋರ್ಟು ಗಲ್ಲನ್ನೇ ಕಾಯಂ ಮಾಡಿದ ಸುದ್ದಿ ಬಂದ ಮಾರನೆಯ ಬೆಳಿಗ್ಗೆ ಸುಬ್ಬಿ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಕುಡುಗೋಲಿತ್ತು. ಕಡಿಯಲು ಬಂದಳು ಎಂದು ನಾನು ಒನಕೆ ತೆಗೆದುಕೊಂಡೆ. ಅವಳು ಕುಡುಗೋಲನ್ನು ಹೊಸಿಲ ಮೇಲೆ ಇಟ್ಟಳು.

"ಬೂಬಮ್ಮಾ, ನನ್ ಮಗ ಬಾಯಿ ಬಿಡೂಲ್ಲ, ಅದಕ್ಕೆ ನಾನೇ ಹೇಳ್ತೆ. ಚೌಡಿ ಸಿಟ್ಟು ನನ್ ತಲೆಗೇ ಬರಲಿ. ಅವನ ಚೂರಿ ಅರಬೈಲ್ ಚೌಡಿ ಹತ್ರ ಉಂಟು."

"ಎಂತಕ್ಕೆ ಅಲ್ಲಿಟ್ಟ?"

"ಆಚೆ ವರ್ಷದ ಮಳೆಗಾಲದ ಮೊದಲು ನಿಮ್ ಯಜಮಾನ್ರ ಬಸ್ಸಿನ ಬ್ರೇಕು ಹೋಗಿ ಕಣಿವೆ ಬಾಯಿಗೆ ಬಂದು ನಿಂತಿತ್ತಲ್ಲ, ಆವತ್ತು ಹರಕೆ ಹೊತ್ತ. ನಮ್ ಡ್ರೈವರ ಜೀವ ಕಾಯಿ, ನನ್ ಹತ್ರ ಇರೂದ್ರಲ್ಲಿ ಚೆಂದದ ಕಬ್ಬಿಣ ನಿಂಗೆ ಅಂತ. ಕೊಟ್ಟದ್ದನ್ನ ಬಾಯಲ್ಲಿ ಆಡಿದ್ರೆ ವಾಪಸ್ ತಗಂಡ ಹಾಂಗೆ. ಕಾದ ಜೀವಕ್ಕೆ ಮತ್ತೆ ಕಾವಲಿಲ್ಲ."

"ಅವರು ಸತ್ತೇ ಹೋದರಲ್ಲ ಸುಬ್ಬಿ. ಇನ್ನು ಯಾರ ಜೀವ ಕಾಯಬೇಕು?"

"ಅದನ್ನೇ ನಾನೂ ಕೇಳ್ದೆ. ಹರಕೆ ಹರಕೆಯೇ ಅವ್ವಾ ಅಂದ."

ಅವಳನ್ನು ಕರೆದುಕೊಂಡು ಹೋದೆ. ನೀನು ಆ ಜಾಗ ಬಲ್ಲೆ. ಡ್ರೈವರುಗಳು ಘಟ್ಟದ ದೇವಿಗೆ ಕಾಯಿ ಒಡೆಯುವ ಕಲ್ಲಿನಿಂದ ಒಳಗೆ, ಮರದ ಬುಡದಲ್ಲಿ, ನೂರು ವರ್ಷದ ಕಬ್ಬಿಣ ರಾಶಿ ಬಿದ್ದಿದೆ. ಕತ್ತಿ, ಕೊಡಲಿ, ತ್ರಿಶೂಲ, ಎತ್ತಿನ ಲಾಳ, ಎಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಹೋಗಿವೆ. ಸುಬ್ಬಿ ಮುಟ್ಟುವುದಿಲ್ಲ ಎಂದು ದೂರ ನಿಂತಳು. ನಾನು ಮೊಣಕಾಲೂರಿ ಕೆದಕಿದೆ. ಮೂರನೆಯ ಕತ್ತಿಯ ಕೆಳಗೆ ಸಿಕ್ಕಿತು. ಇಡಿಯಾಗಿ, ಮುರಿಯದೆ, ಮೊನೆಯವರೆಗೂ ಇತ್ತು. ಸೆರಗಿನಿಂದ ಒರೆಸಿದೆ.

ಮರದ ಮೇಲೆ ನಿಂತು ನೋಡುವವನು. ಕೆಳಗೆ ಏಳು, ಕತ್ತಿ.

ಘಟ್ಟದ ಮೇಲಿಂದ ಸಮುದ್ರದವರೆಗೆ ಅದನ್ನು ಓದಬಲ್ಲವಳು ನಾನೊಬ್ಬಳೇ. ಯಾವ ಅಕ್ಷರವನ್ನು ಹಲಗೆಯ ಮೇಲೆ ಬರೆದು ಒಬ್ಬನ ಕುತ್ತಿಗೆಗೆ ಹಗ್ಗ ಹಾಕಿಸಿದೆನೋ, ಅದು ಅಲ್ಲಿ ಮಲಗಿಕೊಂಡು ನನ್ನನ್ನು ನೋಡುತ್ತಿತ್ತು. ನನ್ನ ಚೂರಿ ಅಡುಗೆಮನೆಯಲ್ಲಿದೆ. ಬೈರನದು ನನ್ನ ಕೈಯಲ್ಲಿದೆ. ಹಾಗಾದರೆ ಪೊಲೀಸರ ಬಳಿ ಇರುವ ತುಂಡು ಯಾರದು?

ಮನೆಗೆ ಬಂದರೆ ಅಂಗಳದಲ್ಲಿ ದಾವೂದ್ ಭಾಯಿ ನಿಂತಿದ್ದರು. ಯಾರೋ ನಮ್ಮನ್ನು ಘಟ್ಟದಲ್ಲಿ ನೋಡಿ ಹೇಳಿದ್ದರು.

"ಅದು ಎಲ್ಲಿ ಸಿಕ್ಕಿತು?" ಎಂದರು. ಯಾರದು ಎಂದು ಕೇಳಲಿಲ್ಲ ನೂರೂ. ಎಲ್ಲಿ ಸಿಕ್ಕಿತು ಎಂದರು.

"ಭಾಯಿ, ನಿಮ್ಮ ಚೂರಿ ಎಲ್ಲಿ?"

"ನನಗೆ ಎಲ್ಲಿ ಕಳಿಸಿದ ನೂರ್?"

"ಅಕ್ಕನ ಮನೆಗೆ ಕಳಿಸಿದ, ಬಸ್ಸಿನ ಕ್ಲೀನರಿಗೆ ಕಳಿಸಿದ, ಹೊತ್ತು ಸಾಕಿದ ಅಣ್ಣನಿಗೆ ಕಳಿಸದೆ ಬಿಟ್ಟನೇ? ಅಷ್ಟು ಕೆಟ್ಟವನೇ ನಮ್ಮ ನೂರ್?"

ಅವರು ಮೇಲೆ ಬಿದ್ದರು. ನಾನು ಅಲಗನ್ನೇ ಮುಷ್ಟಿಯಲ್ಲಿ ಹಿಡಿದೆ, ಅವರು ಹಿಡಿಯನ್ನು ಹಿಡಿದು ಎಳೆದರು. ಬಿಡಲಿಲ್ಲ. ಇನ್ನೊಮ್ಮೆ ಎಳೆದರು. ಎಲುಬಿಗೆ ಉಕ್ಕು ತಾಗಿದ್ದು ಹಲ್ಲಿಗೆ ತಿಳಿಯಿತು. "ಬಿಡು ಬದ್ರೂ, ಕೈ ಹೋಗ್ತದೆ." ಬಿಡಲಿಲ್ಲ. ಬಾವಿಕಟ್ಟೆಯ ತನಕ ರಕ್ತ ಹರಿಯಿತು. ಅದನ್ನು ನೋಡಿ ಅವರೇ ಬಿಟ್ಟರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ತಮ್ಮ ರುಮಾಲು ಹರಿದು ನನ್ನ ಕೈಗೆ ಸುತ್ತಿದರು. ಸಣ್ಣವಳಿದ್ದಾಗ ಗ್ಯಾಸ್‌ಬತ್ತಿಯಿಂದ ಸುಟ್ಟುಕೊಂಡರೆ ಸುತ್ತುತ್ತಿದ್ದರಲ್ಲ, ಅದೇ ರೀತಿ, ಅದೇ ಗಂಟು.

ಸುತ್ತುತ್ತಾ ಹೇಳಿದರು. ಸಿದ್ದಾಪುರದಲ್ಲಿ ಕರನಿರಾಕರಣೆಯವರಿಗೆ ಲಾಠಿ ಬಿದ್ದಾಗ ತಲೆಯೊಡೆದ ಇಬ್ಬರನ್ನು ನಿನ್ನ ಭಾವ ಸಿರ್ಸಿ ಆಸ್ಪತ್ರೆಗೆ ಬಸ್ಸಿನಲ್ಲಿ ತಂದಿದ್ದರಂತೆ. ಸರ್ಕಾರಕ್ಕೆ ತಿಳಿದರೆ ಟಪಾಲಿನ ಗುತ್ತಿಗೆ ಹೋಗುತ್ತದೆ, ಇಳಿಸು ಎಂದು ಭಾಯಿ ಗಾಡಿಗೆ ಅಡ್ಡ ನಿಂತರಂತೆ. ಇವರು ರಬ್ಬರ್ ಹಾರ್ನನ್ನು ಕಿತ್ತು ಅದರ ಹಿತ್ತಾಳೆಯಿಂದ ಭಾಯಿಯ ಮುಖಕ್ಕೆ ಬಾರಿಸಿದರಂತೆ. "ಸಂತೆಯ ದಿನ ಬದ್ರೂ. ಇಡೀ ಸಿರ್ಸಿ ನೋಡ್ತು. ತರಕಾರಿ ಮಾರೋ ವೆಂಕಮ್ಮ ಸಹ ನಕ್ಕಳು. ಎಂಟು ದಿನ ನಾನು ಕನ್ನಡಿ ನೋಡಲಿಲ್ಲ. ಸೈಕಲ್ ಹತ್ತಿ ಘಟ್ಟಕ್ಕೆ ಹೋದೆ. ಬರೀ ಹೆದರಿಸೋಣ ಅಂತ ಹೋದೆ. ಅವನು ನೋಡಿ ನಕ್ಕ, ಬೆನ್ನು ತಿರುಗಿಸಿದ."

ಅದೇ ರಕ್ತದ ಕೈಯಲ್ಲಿ ಫೌಜದಾರನ ಮುಂದೆ ಎರಡೂ ಚೂರಿ ಇಟ್ಟೆ. ಭಾಯಿಯ ಮಾತು ಹೇಳಿದೆ. ಭಾಯಿಯನ್ನು ಕರೆಸಿದರೆ ಅವರು ಇಲ್ಲ ಎಂದರು. ಫೌಜದಾರ ನಗುತ್ತಾ, "ನಿಮ್ಮ ತಮ್ಮನ ಕಾಗದ ಕೋರ್ಟಿನಲ್ಲಿದೆ ಬಾಯೀ, ಎರಡೇ ಅಂತ ಬರೆದಿದ್ದಾನೆ. ಈ ಮೂರನೆಯದು ನಿನ್ನೆ ಮೊನ್ನೆ ತರಿಸಿದ್ದಲ್ಲ ಅಂತ ಯಾರು ಹೇಳಬೇಕು?" ಎಂದ.

ನೀನು ಹೇಳಬೇಕು.

ಮಾರ್ಚ್ ಆರಕ್ಕೆ ಬೆಳಗಾವಿ ಜೈಲಿನಲ್ಲಿ ಗಲ್ಲು. ಇದು ನಿನ್ನ ಕೈಗೆ ಸೇರುವಾಗ ಫೆಬ್ರವರಿ ಅರ್ಧ ಕಳೆದಿರುತ್ತದೆ. ಉತ್ತರ ಬರೆಯಬೇಡ, ತಂತಿ ಕೊಡು. ಜಡ್ಜಿಗೆ ಕೊಡು, ಜೈಲಿಗೆ ಕೊಡು. ಆ ಸುಳ್ಳನ್ನು ನೀನು ಹೇಳಿದೆ. ಅದನ್ನು ಗೆರೆ ಗೆರೆಯಾಗಿ ಕಲಿತು ಬರೆದವಳು ನಾನು. ಗೆಲ್ಲುವಾಗ ಇಬ್ಬರೂ ಇದ್ದೆವು, ನೂರೂ.

ಬದ್ರುನ್ನಿಸಾ


ಕೋಬೆ
೧೬ ಫೆಬ್ರವರಿ ೧೯೩೩

ಆಪಾ,

ನಿನ್ನ ಕಾಗದ ನಿನ್ನೆ ಬಂತು. ಇವತ್ತು ಬೆಳಿಗ್ಗೆ ಬ್ರಿಟಿಷ್ ಕಾನ್ಸಲ್ ಕಚೇರಿಗೆ ಹೋಗಿ ಪ್ರಮಾಣ ಮಾಡಿದೆ. ಮೂರು ಚೂರಿ, ಮೂರನೆಯದು ನನ್ನ ಅಣ್ಣ ದಾವೂದರಿಗೆ ಎಂದು ಬರೆಸಿ ಸಹಿ ಹಾಕಿದೆ. ಅವರೇ ಮುಂಬೈಗೂ ಕಾರವಾರಕ್ಕೂ ತಂತಿ ಕೊಟ್ಟರು. ಕಾಗದ ಇದೇ ಹಡಗಿನಲ್ಲಿ ಬರುತ್ತದೆ.

ನಿನ್ನ ಮೊದಲ ಕಾಗದ ಬರುವುದರ ಹಿಂದಿನ ದಿನವೇ ಭಾಯಿಯ ಕಾಗದ ಬಂದಿತ್ತು. ಎರಡೇ ಸಾಲು. "ಮೂರನೆಯದನ್ನು ಮರೆತುಬಿಡು. ನಾನು ನಿನ್ನನ್ನು ಮರೆಯಲಿಲ್ಲ." ನನಗೆ ಆಗಲೇ ಎಲ್ಲ ಗೊತ್ತಾಯಿತು. ಏಪ್ರಿಲಿನಿಂದ ಗೊತ್ತಿತ್ತು. ಬೈರನಿಗೆ ಕೆಲವು ವರ್ಷ ಜೈಲಾಗುತ್ತದೆ, ಆಮೇಲೆ ಹೇಗಾದರೂ ಬಿಡಿಸಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ತಂತಿ ಬಂದಾಗ ಅದನ್ನು ಚಾಪೆಯ ಕೆಳಗಿಟ್ಟು ಅದರ ಮೇಲೆ ಮಲಗಿದೆ.

ಅಕ್ಷರದ ವಿಷಯದಲ್ಲಿ ನಾನು ಸುಳ್ಳು ಹೇಳಲಿಲ್ಲ ಆಪಾ. ಕಣಿವೆಗೆ ಬಿದ್ದ ತುಂಡಿನ ಮೇಲೆ ಅದೇ ಇತ್ತು. ಬೈರನಿಗೂ ಭಾಯಿಗೂ ಒಂದೇ ಮಾತು ಕೆತ್ತಿಸಿದ್ದೆ. ನನ್ನನ್ನು ಹೊತ್ತವರು ಆ ಇಬ್ಬರೇ. ಸುಳ್ಳು ಹೇಳಿದ್ದು ಎಣಿಕೆಯಲ್ಲಿ.

ನೀನು ಕಲಿತ ಅಕ್ಷರದ ಮಾತುಗಳಲ್ಲಿ ಒಂದನ್ನು ಬಚ್ಚಿಟ್ಟಿದ್ದೆ. ಅದರ ಮುಂಚೆ ಬಟ್ಟೆಯ ಒಳಮೈ ಎಂಬ ಅಕ್ಷರ ಇಟ್ಟರೆ ಉರಗಿರಿ. ಕಾಣದ ಕಡೆಯಿಂದ ಕಡಿಯುವುದು, ನಂಬಿದವರಿಗೆ ಎರಡು ಬಗೆಯುವುದು. ಮಾಸ್ತರಣಿ ಅದನ್ನು ಎರಡನೆಯ ಪಾಠದಲ್ಲೇ ಕಲಿಸಿದ್ದಳು. ನಿನಗೆ ಬರೆಯುವಾಗ ಕೈ ಬರಲಿಲ್ಲ.

ಭಾಯಿಯನ್ನು ಗಲ್ಲಿಗೆ ಹಾಕುತ್ತಾರೆಯೇ? ನಾನು ಬರಲೇ? ಬಂದರೆ ಬಾಗಿಲು ತೆಗೆಯುತ್ತೀಯಾ?

ನೂರ್


ಯಲ್ಲಾಪುರ
೨೪ ಏಪ್ರಿಲ್ ೧೯೩೩

ನೂರ್ ಅಹ್ಮದ್,

ತಂತಿ ಮುಟ್ಟಿತು. ಮಾರ್ಚ್ ಒಂದಕ್ಕೆ ಗಲ್ಲು ತಡೆದರು. ಆಗಲೇ ಬೈರನ ತೂಕ ನೋಡಿ ಹಗ್ಗ ಆರಿಸಿದ್ದರಂತೆ. ಹೋದ ವಾರ ಬಿಟ್ಟರು.

ದಾವೂದ್ ಭಾಯಿಯನ್ನು ಹಿಡಿಯಲು ಹೋದಾಗ ಅವರು ಓಡಲಿಲ್ಲ. ಮೋಟಾರ್ ಸ್ಟ್ಯಾಂಡಿನಲ್ಲಿ, ಎಲ್ಲರ ಎದುರು, ಕೈಗೆ ಬೇಡಿ ಹಾಕುವಾಗ ತಲೆಯ ಟೋಪಿ ಬಿತ್ತು. ಎತ್ತಿಕೊಡಲು ಒಬ್ಬರೂ ಬಗ್ಗಲಿಲ್ಲ. ಆಗಸ್ಟ್ ಇಪ್ಪತ್ತೆರಡಕ್ಕೆ ಕಾರವಾರದಲ್ಲಿ ವಿಚಾರಣೆ. ನೀನು ಬಾ. ಕಾಗದ, ತಂತಿ ಸಾಲದು. ಅವರ ಮುಖ ನೋಡಿ, ನಿಂತು, ಬಾಯಿಬಿಟ್ಟು ಹೇಳು. ನಾನೂ ಹೇಳುತ್ತೇನೆ. ಏನಾಗುತ್ತದೋ ಎಂದು ಕೇಳಬೇಡ, ಏನಾಗುತ್ತದೆ ಎಂದು ನಿನಗೂ ಗೊತ್ತು. ಬಾಗಿಲು ತೆಗೆದಿರುತ್ತದೆ. ಉಡುಗೊರೆ ತರಬೇಡ.

ನನ್ನ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ. ಭಾಯಿಯ ಹೆಬ್ಬೆರಳಿನ ಹಾಗೆ.

ನಿನ್ನೆ ಬೈರ ಬಂದ. ಬಲಗಾಲು ಎಳೆಯುತ್ತಾನೆ. ಆ ಮಂಡಿಗೆ ಹೊಡೆದದ್ದು ಪೊಲೀಸರಲ್ಲ, ನಾನು. ಅವನು ಅಂಗಳದಲ್ಲೇ ನಿಂತ. ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಸ್ಟಾರ್ಟಿಂಗ್ ಹ್ಯಾಂಡಲನ್ನು ತಂದು ಅವನ ಮುಂದೆ ಇಟ್ಟೆ. ಅದನ್ನು ಕಾಲಿನಿಂದ ಬದಿಗೆ ಸರಿಸಿದ.

"ಚೌಡಿ ಕಬ್ಬಿಣ ನೀವು ಯಾಕೆ ಎತ್ತಿದ್ರಿ ಬೂಬಮ್ಮ?" ಎಂದ.

"ಎತ್ತದಿದ್ದರೆ ನೀನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ."

"ಇರ್ತಿರಲಿಲ್ಲ. ಅದು ಬೇರೆ ಮಾತು. ಕೊಟ್ಟದ್ದು ಅಲ್ಲಿಲ್ಲ. ಜಾಗ ಖಾಲಿ ಉಂಟು."

ಅವನ ಚೂರಿ ಸಾಕ್ಷಿಯ ಮುದ್ದೆಮಾಲಾಗಿ ಕೋರ್ಟಿನ ಕಪಾಟಿನಲ್ಲಿದೆ. ಖಟ್ಲೆ ಮುಗಿಯದೆ ಕೊಡುವುದಿಲ್ಲ. ನನ್ನದನ್ನು ಮಾತ್ರ ನೋಡಿ ವಾಪಸ್ ಮಾಡಿದ್ದರು. ಒಳಗೆ ಹೋಗಿ ಅದನ್ನೇ ತಂದೆ. ಇಬ್ಬರೂ ಅರಬೈಲಿಗೆ ಹೊರಟೆವು. ಅವನು ಮುಂದೆ, ನಾನು ಹತ್ತು ಮಾರು ಹಿಂದೆ. ಅವನ ಕಾಲಿನ ನಡಿಗೆಗೆ ನನ್ನ ನಡಿಗೆಯನ್ನು ಸಣ್ಣ ಮಾಡಿಕೊಂಡು ನಡೆದೆ. ಎರಡನೆಯ ತಿರುವಿನಲ್ಲಿ ಇಬ್ಬರೂ ನಿಲ್ಲಲಿಲ್ಲ.

ಮರದ ಬುಡದಲ್ಲಿ ಕೂತು ಚೂರಿಯನ್ನು ಸೆರಗಿನಿಂದ ಒರೆಸಿದೆ. ಮೇಲೆ ಮೂರು ಗೆರೆ, ಕೈ ಚಾಚಿ ನಿಂತ ಮನುಷ್ಯನ ಹಾಗೆ. ಕೆಳಗೆ ಏಳು, ಕತ್ತಿ. ಬೈರ ಬಗ್ಗಿ ನೋಡುತ್ತಿದ್ದ. ಇದು ನಿನ್ನದರಂತಲ್ಲ ಬೈರ, ಇದರ ಅರ್ಥ ಬೇರೆ, ಓದಿ ಹೇಳಲೇ ಎಂದೆ.

"ಬೇಡ" ಎಂದ. "ಓದಬೇಡಿ. ನೀವು ಓದಿದ್ದು ಸಾಕು."

ಅಕ್ಷರದ ಮಗ್ಗುಲನ್ನು ಮಣ್ಣಿಗೆ ಮಾಡಿ ಇಟ್ಟೆ.

ಬದ್ರುನ್ನಿಸಾ